ಯಾವುದರಲ್ಲಿ ಅನುಭವ ಎಂದು ಮೊದಲು ಕೇಳಿ

‘ವಿಚ್ಛೇದನಕ್ಕೆ ಇಪ್ಪತ್ತು ವರ್ಷ ಅನುಭವವಿರುವ ವಕೀಲರನ್ನೇ ಹಿಡಿಯಿರಿ’ ಎಂಬ ಲೇಖನದ ಸಲಹೆಯನ್ನು ನಾನು ಒಪ್ಪುವುದಿಲ್ಲ. ಯಾವುದರಲ್ಲಿ ಅನುಭವ? ಮಂಡ್ಯದಲ್ಲಿ ನನ್ನ ತಂಗಿಯ ಪ್ರಕರಣ ವಹಿಸಿಕೊಂಡಿದ್ದ ಹಿರಿಯರು ಜಮೀನು ವ್ಯಾಜ್ಯಗಳಲ್ಲಿ ಹುಲಿ. ಜೀವನಾಂಶ ಕೇಳುವಾಗ ಆಸ್ತಿ, ಸಾಲದ ವಿವರದ ಪ್ರಮಾಣಪತ್ರವನ್ನು (ಅಫಿಡವಿಟ್) ಗಂಡ ಹೆಂಡತಿ ಇಬ್ಬರೂ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದ್ದರೂ ಅವರಿಗೆ ಅದರ ಸುಳಿವೇ ಇರಲಿಲ್ಲ. ವಾಯಿದೆಗೆ ಬರುತ್ತಿದ್ದವರು ಕಿರಿಯರು. ಮುಂದಿನ ದಿನಾಂಕ ಡೈರಿಯಲ್ಲಿ ಗೀಚಿಕೊಂಡು ಹೊರಟುಬಿಡುತ್ತಿದ್ದರು. ಫೀಸು ಮಾತ್ರ ಹಿರಿಯರದೇ!

ಕೈಯಲ್ಲಿ ಕಾಸಿಲ್ಲದ ಹೆಣ್ಣುಮಕ್ಕಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯಬಹುದು. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಪ್ರಾಧಿಕಾರವಿದೆ. ಅರ್ಜಿ ಅಲ್ಲಿಯೇ ಕೊಡಬಹುದು.