ಮೊದಲು ಮಾಸ್ತರ್, ಆಮೇಲೆ ಕೋಣೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಸಣ್ಣ ಹಳ್ಳಿ ನಮ್ಮದು. ನಾನು ಹನ್ನೊಂದು ವರ್ಷದಿಂದ ಕೇರಳದ ತ್ರಿಶೂರ್ ಹತ್ತಿರ ಇದ್ದೇನೆ. ಅಕ್ಕ ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಖುಷಿಯಿಂದ ಶಾಲೆ ತೋರಿಸಲು ಕರೆದುಕೊಂಡು ಹೋದಳು. ಎರಡು ಹೊಸ ಕೋಣೆ ಎದ್ದಿದ್ದವು. ಗಟ್ಟಿ ಕೆಲಸ, ಒಳ್ಳೆ ಬಣ್ಣ. ಆದರೆ ಒಂದಕ್ಕೆ ಬೀಗ.

"ಗಣಿತದ ಮಾಸ್ತರ್ ಇಲ್ಲೋ ತಮ್ಮಾ. ಕೋಣಿ ತಗದು ಏನ್ ಮಾಡೋದು?" ಅಂದಳು.

ಅತಿಥಿ ಶಿಕ್ಷಕರೊಬ್ಬರು ಆಗಸ್ಟ್‌ನಲ್ಲಿ ಬಂದಿದ್ದರಂತೆ. ದಸರಾ ರಜೆಗೆ ಹೋದವರು ಬೇರೆ ಕೆಲಸ ಸಿಕ್ಕಿತು ಅಂತ ತಿರುಗಿ ಬರಲಿಲ್ಲ. ಅವರದು ತಪ್ಪು ಅನ್ನಲಾರೆ. ವರ್ಷಪೂರ್ತಿ ಸಂಬಳ ಇಲ್ಲದ ಕೆಲಸಕ್ಕೆ ಯಾರು ನಿಲ್ಲುತ್ತಾರೆ?

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆ ನಮ್ಮ ಪಕ್ಕದ ಯಾದಗಿರಿ ಜಿಲ್ಲೆ. 2025ರಲ್ಲಿ ಕೊನೆ ನಮ್ಮ ಕಲಬುರಗಿ, ಪಾಸಾದವರು ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91 ದಾಟಿತ್ತು. ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ನಮ್ಮ ಮಕ್ಕಳು ದಡ್ಡರಲ್ಲ. ಅವರ ಮುಂದೆ ನಿಂತು ಪಾಠ ಹೇಳುವವರು ಸಾಲದು.

ದುಡ್ಡು ಇಲ್ಲ ಅನ್ನುವ ಮಾತು ಈಗ ಪೂರ್ತಿ ನಿಜ ಅಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಹೋರಾಡಿ ಪಡೆದದ್ದು. 2025-26ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಶಾಲೆಗಳಿಗಾಗಿಯೇ 'ಅಕ್ಷರ ಆವಿಷ್ಕಾರ' ಕಾರ್ಯಕ್ರಮ ಇದೆ. ಇದೆಲ್ಲ ನನಗೆ ಸಂತೋಷದ ವಿಷಯ. ಆದರೆ ಊರಿಗೆ ಹೋದಾಗೆಲ್ಲ ಕಣ್ಣಿಗೆ ಬೀಳೋದು ಕಟ್ಟಡವೇ ಜಾಸ್ತಿ. ಕಟ್ಟಡಕ್ಕೆ ಟೆಂಡರ್ ಕರೆಯಬಹುದು, ಒಮ್ಮೆ ಬಿಲ್ ಕೊಟ್ಟರೆ ಮುಗಿಯಿತು. ಕಾಯಂ ಮಾಸ್ತರರ ಸಂಬಳ ಹಾಗಲ್ಲ, ಮೂವತ್ತು ವರ್ಷ ಕೊಡಬೇಕು. ಅದಕ್ಕೇ ಬಜೆಟ್ ಮಾಡುವವರ ಕೈ ಅಲ್ಲಿ ಹಿಂಜರಿಯುತ್ತದೆ ಅಂತ ನನಗೆ ಅನಿಸುತ್ತದೆ.

ಕೇರಳದಲ್ಲಿ ನಾನು ಕಂಡದ್ದು ಬೇರೆ. ನನ್ನ ಮಗಳು ಅಲ್ಲಿ ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ. ಜೂನ್‌ನಲ್ಲಿ ಶಾಲೆ ತೆರೆದ ಆರನೇ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಆ ಶಾಲೆಗೆ ಎಷ್ಟು ಮಾಸ್ತರು ಅಂತ ತೀರ್ಮಾನ. ಆ ದಿನ ಒಂದು ಮಗುವೂ ತಪ್ಪಿಸಬಾರದು ಅಂತ ಟೀಚರ್‌ಗಳು ಮನೆಮನೆಗೆ ಫೋನ್ ಮಾಡುತ್ತಾರೆ. ಅಲ್ಲೂ ದಿನಗೂಲಿ ಟೀಚರ್‌ಗಳು ಇದ್ದಾರೆ, ನಿಜ. ಆದರೆ ಮಗಳ ಶಾಲೆಯಲ್ಲಿ ಅವರ ಸಂದರ್ಶನ ಶಾಲೆ ಶುರುವಾಗುವ ಹೊತ್ತಿಗೇ ಮುಗಿದಿರುತ್ತದೆ.

ಇನ್ನೊಂದು ಸಂಗತಿ. 1996ರಿಂದ ಅಲ್ಲಿ ರಾಜ್ಯದ ಯೋಜನೆ ದುಡ್ಡಿನ ದೊಡ್ಡ ಪಾಲು ಪಂಚಾಯಿತಿ, ನಗರಸಭೆಗಳಿಗೆ ಹೋಗುತ್ತದೆ. ಪ್ರಾಥಮಿಕ ಶಾಲೆ ಗ್ರಾಮ ಪಂಚಾಯಿತಿಯ ಕೈಯಲ್ಲಿ, ಹೈಸ್ಕೂಲು ಜಿಲ್ಲಾ ಪಂಚಾಯಿತಿಯ ಕೈಯಲ್ಲಿ. ಸಂಬಳ ಮಾತ್ರ ಸರ್ಕಾರದ್ದು. ವರ್ಷದ ಯೋಜನೆ ಬರೆಯುವ ಮೊದಲು ಗ್ರಾಮಸಭೆ ಸೇರುತ್ತದೆ. ಒಂದು ಸಭೆಯಲ್ಲಿ ಕುಡುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಗುಂಪಿನ ಹೆಂಗಸೊಬ್ಬರು ಎದ್ದು ನಿಂತರು. ಶಾಲೆಗೆ ಗೇಟು ಬೇಡ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರಲಿ ಅಂದರು. ಸದಸ್ಯರು ಅದನ್ನೇ ಬರೆದುಕೊಂಡರು. ನನಗೆ ಅಕ್ಕನ ನೆನಪಾಯಿತು. ಅವಳನ್ನು ಹೀಗೆ ಯಾರೂ ಕೇಳಿಲ್ಲ. ಕೋಣೆ ಮಂಜೂರಾಗಿದೆ, ಸಹಿ ಹಾಕಿ ಅಂತ ಕಾಗದ ತಂದಿದ್ದರು, ಅಷ್ಟೇ.

ಕೇರಳದಲ್ಲೂ ಪಂಚಾಯಿತಿ ದುಡ್ಡು ತಡವಾಗುತ್ತದೆ, ಜಗಳವೂ ಆಗುತ್ತದೆ. ಆದರೂ ಕೇಳುವ ಪದ್ಧತಿ ಇದೆ. ನಮ್ಮಲ್ಲಿ ಕೇಳಲು ಏನು ಖರ್ಚು? ಎಸ್‌ಡಿಎಂಸಿ ಇದೆ, ಗ್ರಾಮಸಭೆ ಇದೆ. ಬಜೆಟ್ ಬರೋದು ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲೇ ಪ್ರತಿ ಶಾಲೆಯ ಬೇಡಿಕೆ ಬರೆಸಿಕೊಂಡರೆ ಆಗದೇ? ಆ ಪಟ್ಟಿಯ ಮೊದಲ ಸಾಲು ಖಾಲಿ ಹುದ್ದೆಯದಾಗಿರಲಿ. ಅತಿಥಿ ಶಿಕ್ಷಕರೇ ಗತಿ ಅನ್ನುವುದಾದರೆ ಅವರ ಆದೇಶ ಮೇ ತಿಂಗಳಲ್ಲೇ ಬರಲಿ, ಹನ್ನೆರಡು ತಿಂಗಳ ಸಂಬಳವೂ ಸಿಗಲಿ.

ಗುಳೆ ಹೋಗುವ ಮನೆಗಳ ಮಕ್ಕಳ ಮಾತಂತೂ ಬೇರೆಯೇ. ರಾಶಿ ಮುಗಿಯುತ್ತಲೇ ತಂದೆ ತಾಯಿ ಪುಣೆ, ಮುಂಬೈ, ಹೈದರಾಬಾದ್ ಕಡೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳೂ ಹಿಂದೆಯೇ. ಆ ಐದಾರು ತಿಂಗಳು ಊರಲ್ಲೇ ಉಳಿದು ಓದಲು ಒಂದು ಹಾಸ್ಟೆಲ್, ಎರಡು ಹೊತ್ತಿನ ಊಟ, ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಸಾಕು. ಬೀಗ ಹಾಕಿದ ಆ ಹೊಸ ಕೋಣೆಯಲ್ಲೇ ಇದನ್ನು ಶುರು ಮಾಡೋಣ ಅಂತ ಅಕ್ಕ ಅರ್ಜಿ ಬರೆದಿದ್ದಾಳೆ. ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳುತ್ತಾಳಂತೆ. ಆ ದಿನಕ್ಕೆ ನಾನು ರಜೆ ಹಾಕಿ ಹೋಗುತ್ತಿದ್ದೇನೆ.