ಮುಂದಕ್ಕೆ ಹೋಗದ ಜೂನ್ 25

ನಿನ್ನೆ ರಾತ್ರಿ ಇನ್ನೇನು ಲೈಟ್ ಆರಿಸ್ಬೇಕು ಅನ್ನೋವಾಗ ಫ್ಯಾಮಿಲಿ ಗ್ರೂಪಲ್ಲಿ ನನ್ನ ಷಡ್ಡಕ ಒಂದು ಸ್ಕ್ರೀನ್‌ಶಾಟ್ ಹಾಕಿದ. ನಾನು ಕೆಲಸ ಮಾಡಿದ ಸಿನಿಮಾ ಓಟಿಟಿಗೆ ಬಂದಿದೆ. ಥಿಯೇಟರಲ್ಲಿದ್ದಾಗ "ಈ ವೀಕೆಂಡ್ ಪಕ್ಕಾ" ಅಂತ ಹೇಳ್ಕೊಂಡೇ ನೋಡದೆ ತಪ್ಪಿಸ್ಕೊಂಡ ಪುಣ್ಯಾತ್ಮ ಈಗ ಮಂಚದ ಮೇಲೆ ಬಿದ್ಕೊಂಡು ಸೀನ್ ಸೀನಿಗೂ ನಿಲ್ಲಿಸಿ ದೊಡ್ಡದು ಮಾಡಿ ನೋಡ್ತಿದಾನೆ. ನಾಯಕಿ ಕೈಯಲ್ಲಿರೋ ಲಕೋಟೆಗೆ ಒಂದು ಕೆಂಪು ರೌಂಡು, ಕೆಳಗಡೆ "1983ರಲ್ಲಿ ಪಿನ್ ಕೋಡ್ ಎಲ್ಲಿತ್ತು ಗುರೂ?" ಅದರ ಪಕ್ಕ ನಗೋ ಮುಖ, ಮೂರು.

ಇತ್ತು ಕಣಪ್ಪಾ. ಪಿನ್ ಕೋಡ್ ಬಂದಿದ್ದೇ 1972ರ ಆಗಸ್ಟ್ 15ಕ್ಕೆ. ಬೆಂಗಳೂರು-560 004 ಅಂತ ಹಳೇ ಫೌಂಟನ್ ಪೆನ್ನಲ್ಲಿ ಬರೆಸಿ, ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ, ಫ್ಯಾನ್ ಕೆಳಗೆ ಒಣಗ್ಸಿ, ಮೂಲೆ ಮಡಚಿ ಇಟ್ಟಿದ್ದೀವಿ. ಇಷ್ಟನ್ನೂ ಟೈಪ್ ಮಾಡಿ ಕಳಿಸಿದೆ. ಅವನು ಒಂದು ಥಮ್ಸ್ ಅಪ್ ಒತ್ತಿ "ಹೇಗಿದ್ರೂ ಸೆಕೆಂಡ್ ಹಾಫ್ ಬೋರು" ಅಂದ. ಅತ್ತೆ "ಮಲ್ಕೊಳ್ರಪ್ಪಾ ಇಬ್ರೂ" ಅಂದ್ರು. ನನಗೆ ನಿದ್ದೆ ಬರ್ಲಿಲ್ಲ.

ನಾನಿರೋದು ಆರ್ಟ್ ಡಿಪಾರ್ಟ್‌ಮೆಂಟಲ್ಲಿ, ಸೆಟ್ ಡ್ರೆಸ್ಸಿಂಗ್. ಆರ್ಟ್ ಡೈರೆಕ್ಟರ್ ಗೋಡೆ ಯಾವ ಬಣ್ಣ ಅಂತ ತೀರ್ಮಾನ ಮಾಡ್ತಾರೆ, ಆ ಗೋಡೆ ಮೇಲೆ ಮೊಳೆ ಎಲ್ಲಿ, ಮೊಳೆಗೆ ಏನು ನೇತಾಡ್ಬೇಕು, ಅದು ಎಷ್ಟು ಸೊಟ್ಟಗಿರ್ಬೇಕು ಅನ್ನೋದು ನಮ್ಮ ಪಾಡು. ಮನೇಲಿ ಜನ ಬದುಕ್ತಿದಾರೆ ಅನ್ನಿಸ್ಬೇಕು. ಅಡುಗೆಮನೆ ಡಬ್ಬಿ ಮೇಲೆ ಎಣ್ಣೆ ಜಿಡ್ಡು, ಸ್ವಿಚ್ ಸುತ್ತ ಕೈ ಮುಟ್ಟಿದ ಕಪ್ಪು, ಕುರ್ಚಿ ಬೆನ್ನಿಗೆ ಒಂದು ಟವೆಲ್ಲು. ಇದೆಲ್ಲ ತನ್ನಷ್ಟಕ್ಕೇ ಬರುತ್ತೆ ಅನ್ಕೊಂಡಿದಾರೆ ಜನ. ಮನೇಲಿ ಬರುತ್ತೆ, ನಿಜ. ಸಿನಿಮಾದಲ್ಲಿ ಅದಕ್ಕೆ ಬಿಲ್ ಇರುತ್ತೆ.

ಅದರಲ್ಲೂ ಹಳೇ ಕಾಲದ ಕಥೆ ಆದ್ರೆ ಇಡೀ ಊರೇ ನಮಗೆ ವಿರೋಧ. ಅಂಗಡಿ ಬೋರ್ಡಲ್ಲಿ ಹತ್ತಂಕಿ ಮೊಬೈಲ್ ನಂಬರ್, ಬೆಲೆಪಟ್ಟೀಲಿ ರೂಪಾಯಿ ಚಿಹ್ನೆ (ಅದು ಬಂದಿದ್ದು 2010ರಲ್ಲಿ), ತಾರಸಿ ಮೇಲೆ ಡಿಶ್ಶು, ಮೂಲೇಲಿ ನಿಂತಿರೋ ಸ್ಕೂಟರಿಗೆ ಕೆಎ ನಂಬರ್ ಪ್ಲೇಟು. ಒಂದು ಕಿರಾಣಿ ಅಂಗಡಿ ಸೀನಲ್ಲಿ ಎಲ್ಲಾ ಮುಚ್ಚಿ, ಕ್ಯೂಆರ್ ಸ್ಟಿಕ್ಕರ್ ಕೆರೆದು, ಗೋಣಿಚೀಲ ಅಡ್ಡ ಇಟ್ಟು, ಅಬ್ಬಾ ಅಂತ ಉಸಿರು ಬಿಟ್ಟು ಟೇಕ್ ಶುರುವಾದ್ರೆ, ಬೆಲ್ಲದ ಮೂಟೆ ಹಿಂದಿನಿಂದ ಒಂದು ಹೆಂಗಸಿನ ದನಿ ಇಷ್ಟು ರೂಪಾಯಿ ಬಂತು ಅಂತ ಘೋಷಣೆ ಮಾಡ್ತು. ಯಾರೋ ಗಿರಾಕಿ ಹಳೇ ಬಾಕೀನ ಮನೇಲಿ ಕೂತು ಆವತ್ತೇ ತೀರಿಸಿದ್ದ, ಅದೂ 1983ಕ್ಕೆ.

ಆದ್ರೆ ಇದ್ಯಾವುದೂ ರಾಯರ ಮುಂದೆ ಏನೂ ಅಲ್ಲ.

ಬಸವನಗುಡಿ ಕಡೆ ಒಂದು ಹಳೇ ಮನೆ ಸಿಕ್ಕಿತ್ತು. ಮಂಕಿ ಟಾಪ್ ಕಿಟಕಿ, ಕಾಲಿಟ್ರೆ ತಣ್ಣಗೆ ಅನ್ಸೋ ರೆಡ್ ಆಕ್ಸೈಡ್ ನೆಲ. ಓನರ್ ರಾಯರು, ರಿಟೈರ್ ಆದ ಅಕೌಂಟ್ಸ್ ಆಫೀಸರ್, ಒಬ್ರೇ ಇರ್ತಾರೆ. ಶೂಟಿಂಗಿಗೆ ಮುಂದಿನ ಹಾಲು, ಪಡಸಾಲೆ, ಅಡುಗೆಮನೆ ನಮಗೆ, ಹಿಂದಿನ ರೂಮು ಅವರಿಗೆ ಅಂತ ಮಾತಾಗಿತ್ತು. ಮಾತು ಆಗಿದ್ದು ರಾಯರ ಜೊತೆ, ಅವರ ಕೈಗಳ ಜೊತೆ ಅಲ್ಲ. ಶೆಲ್ಫ್ ಮೇಲೆ ಮುಲ್ತಾನಿ ಮಿಟ್ಟಿ ಊದಿ ಊದಿ ಹತ್ತು ವರ್ಷದ ಧೂಳು ಕೂರಿಸಿದ್ರೆ ಬೆಳಿಗ್ಗೆ ಅಷ್ಟೊತ್ತಿಗೆ ಒದ್ದೆಬಟ್ಟೇಲಿ ಒರೆಸಿ ಇಟ್ಟಿರೋರು. ಬೇಕಂತಲೇ ಸೊಟ್ಟ ಹಾಕಿದ ಫೋಟೋ ನೇರ ಆಗಿರೋದು. "ಪಾಪ ಹುಡುಗ್ರು, ಅವಸರದಲ್ಲಿ ಸರಿಯಾಗಿ ಹಾಕಿಲ್ಲ" ಅಂತ ಪ್ರೊಡಕ್ಷನ್ ಮ್ಯಾನೇಜರ್ ಹತ್ರ ನಮ್ಮ ಪರವಾಗಿ ಮಾತಾಡಿದ್ರಂತೆ ಬೇರೆ.

ಈಗ ಕ್ಯಾಲೆಂಡರ್ ವಿಷಯಕ್ಕೆ ಬರ್ತೀನಿ. ಕಥೇಲಿ ಒಂದು ದೊಡ್ಡ ಸೀನು, ವರ್ಲ್ಡ್ ಕಪ್ ಫೈನಲ್ ರಾತ್ರಿ, 1983 ಜೂನ್ 25. ನಮ್ಮೋರು 183ಕ್ಕೆ ಆಲ್ ಔಟು, ಮನೆಮಂದಿ ಎಲ್ಲಾ ರೇಡಿಯೋ ಸುತ್ತ ಸತ್ತ ಮನೆ ಥರ ಕೂತಿರ್ತಾರೆ, ಅಲ್ಲಿಂದ ಶುರುವಾಗಿ ಗೆಲ್ಲೋವರೆಗೂ ಕಥೆ ನಡೆಯುತ್ತೆ. ಪರದೆ ಮೇಲೆ ಒಂದು ರಾತ್ರಿ. ಆದ್ರೆ ಅದನ್ನ ತೆಗೆಯೋಕೆ ಎಷ್ಟೋ ದಿನ ಹಿಡಿಯುತ್ತೆ, ಅಷ್ಟೂ ದಿನ ರೇಡಿಯೋ ಪಕ್ಕದ ಗೋಡೇಲಿ ತಾರೀಖು 25ನೇ ಇರ್ಬೇಕು. ಕಂಟಿನ್ಯುಟಿ.

ದಿನಕ್ಕೊಂದು ಹಾಳೆ ಕೀಳೋ ಕ್ಯಾಲೆಂಡರ್ ಬೇಕು ಅಂದ್ರು ನಮ್ಮ ಸರ್. 1983ರದ್ದು ಎಲ್ಲಿಂದ ತರೋದು? ಇಂಥ ಕಡೆ ಒಂದು ಉಪಾಯ ಇದೆ. 1983 ಮತ್ತು 2022 ಎರಡೂ ಶನಿವಾರ ಶುರುವಾಗೋ ವರ್ಷ, ತಾರೀಖು ವಾರ ಎಲ್ಲಾ ಒಂದೇ. ಅವೆನ್ಯೂ ರೋಡಲ್ಲಿ ಹುಡುಕಿ ಹುಡುಕಿ ಮಾರಾಟ ಆಗದೆ ಉಳಿದ 2022ರ ಒಂದು ಕ್ಯಾಲೆಂಡರ್ ತಂದೆ. ಜೂನ್ 25ರವರೆಗೂ ಕಿತ್ತು, ಆ ಹಾಳೇನ ಮಾತ್ರ ಇಸವಿ ಬದಲಾಯಿಸಿ, ಆ ವರ್ಷದ ಪಂಚಾಂಗ ನೋಡಿ ತಿಥಿ ನಕ್ಷತ್ರಾನೂ ಸರಿ ಮಾಡ್ಸಿ, ಹಳದಿ ಆದ ಕಾಗದದ ಮೇಲೆ ಪ್ರಿಂಟ್ ಹಾಕ್ಸಿ ಮೇಲೆ ಸಿಕ್ಕಿಸಿದೆ. ಸರ್ ಹತ್ರ ಬಂದು ನೋಡಿ "ಹ್ಞೂಂ" ಅಂದ್ರು. ಅವರ ಬಾಯಲ್ಲಿ ಅದು ರಾಜ್ಯೋತ್ಸವ ಪ್ರಶಸ್ತಿ.

ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದ್ರೆ ಗೋಡೆ ಮೇಲೆ ಜೂನ್ 26, 2022, ಭಾನುವಾರ. ರಾಯರು ಒಂದೇ ಕೈಯಲ್ಲಿ ಮೂವತ್ತೊಂಬತ್ತು ವರ್ಷ ಹರಿದು ಹಾಕಿದ್ರು.

"ಅಭ್ಯಾಸ ಕಣಪ್ಪಾ" ಅಂದ್ರು. "ಸ್ನಾನ, ಸಂಧ್ಯಾವಂದನೆ, ಹಾಳೆ ಕೀಳೋದು. ನಿನ್ನೆ ದಿನ ಗೋಡೆ ಮೇಲಿದ್ರೆ ನನಗೆ ಕಾಫಿ ಇಳಿಯಲ್ಲ." ನಾನು ಕೈಮುಗಿದು ವಿವರಿಸಿದೆ, ಸರ್ ಇದು ಸೀನಿಗೆ, ದಯವಿಟ್ಟು ಮುಟ್ಬೇಡಿ. "ಛೆ ಛೆ, ಮುಟ್ತೀನಾ" ಅಂದ್ರು. ಎಕ್ಸ್‌ಟ್ರಾ ಹಾಳೆ ಇತ್ತು, ಸಿಕ್ಕಿಸಿದೆ. ಮರುದಿನ ಮತ್ತೆ ಭಾನುವಾರ. ನಮ್ಮ ಅಸಿಸ್ಟೆಂಟ್ ಹುಡುಗನ್ನ ಕಾವಲಿಗೆ ಹಾಕಿದೆ, ಅವನು ಐದೂವರೆಗೆಲ್ಲ ಬಂದು ಬಾಗಿಲಲ್ಲಿ ಕೂತ, ರಾಯರು ಏಳೋದು ನಾಲ್ಕೂವರೆಗೆ. ಕೊನೆಗೆ "ದಯವಿಟ್ಟು ಹರಿಯಬೇಡಿ" ಅಂತ ದಪ್ಪಕ್ಷರದಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿದ್ವಿ. ಬೆಳಿಗ್ಗೆ ಹಾಳೆ ನೀಟಾಗಿ, ಅಂಚು ಗೆರೆ ಎಳೆದ ಹಾಗೆ ಕಟ್ ಆಗಿತ್ತು. "ಹರೀಲಿಲ್ಲಪ್ಪಾ. ಕತ್ತರೀಲಿ ತೆಗ್ದೆ."

ಸರಿ, ಇವರ ಜೊತೆ ಇನ್ನು ವಾದ ಬೇಡ ಅಂತ, ಪ್ರೆಸ್ಸಿಗೆ ಫೋನ್ ಮಾಡಿ ಒಂದು ದಪ್ಪ ಕಟ್ಟೇ ಜೂನ್ 25 ಪ್ರಿಂಟ್ ಹಾಕ್ಸಿದೆ. ಎಲ್ಲಾ 1983, ಎಲ್ಲಾ ಶನಿವಾರ. ಕಿತ್ಕೊಳ್ಳಿ ಎಷ್ಟು ಬೇಕಾದ್ರೂ. ಕಟ್ಟನ್ನ ಮೊಳೆಗೆ ನೇತು ಹಾಕಿ, ಮನೆಗೆ ಹೋಗಿ ಸುಖವಾಗಿ ಮಲಗಿದೆ.

ಬೆಳಗಿನ ಜಾವ ಫೋನು. ರಾಯರು. "ಸ್ವಲ್ಪ ಬೇಗ ಬರಕ್ಕಾಗುತ್ತೇನಪ್ಪಾ, ನಿನ್ನ ಕ್ಯಾಲೆಂಡರ್ ಕೆಟ್ಟು ನಿಂತಿದೆ." ಹೋಗಿ ನೋಡಿದ್ರೆ ಹಾಲಿನ ಮಧ್ಯ ಪಂಚೆ ಉಟ್ಕೊಂಡು ನಿಂತಿದಾರೆ, ಕೈತುಂಬ ಹಾಳೆ, ಕಾಲ ಕೆಳಗೂ ಹಾಳೆ. ಮೊದಲನೇದು ಕಿತ್ತಿದಾರೆ, 25. ಅಂಟ್ಕೊಂಡಿರ್ಬೇಕು ಅಂತ ಇನ್ನೊಂದು ಕಿತ್ತಿದಾರೆ, 25. ಕನ್ನಡಕ ಹಾಕ್ಕೊಂಡು ಬಂದು ಇನ್ನೊಂದು. ಆಮೇಲೆ ಹಠಕ್ಕೆ ಬಿದ್ದಿದಾರೆ, ಅಕೌಂಟ್ಸ್ ಆಫೀಸರಲ್ವಾ, ಲೆಕ್ಕ ಟ್ಯಾಲಿ ಆಗದೆ ಎದ್ದು ಹೋಗೋ ಜನ್ಮ ಅಲ್ಲ ಅದು. "ಎಲ್ಲಾ ಶನಿವಾರ ಬರ್ತಿದೆಯಲ್ಲೋ" ಅಂದ್ರು, ದನೀಲಿ ನಿಜವಾಗ್ಲೂ ಗಾಬರಿ ಇತ್ತು. "ಶನಿವಾರ ನನಗೆ ಒಪ್ಪತ್ತು. ಹಿಂಗೆ ದಿನಾ ಶನಿವಾರ ಆದ್ರೆ ನಾನು ಊಟ ಮಾಡೋದು ಯಾವಾಗ?"

ಅಸಿಸ್ಟೆಂಟ್ ಹುಡುಗ ನಗು ತಡೀಲಾರದೆ ಹೊರಗೆ ಓಡಿದ. ನನಗೆ ನಗು ಬರ್ಲಿಲ್ಲ. ಆ ಹಾಳೆಗೆ ಒಂದೊಂದಕ್ಕೂ ಡಿಕಾಕ್ಷನ್ ಹಚ್ಚಿದ್ದು ನಾನು.

ಕೆಳಗೆ ಬಿದ್ದಿದ್ದನ್ನ ಆಯ್ತಾ ಹೋದೆ. ಒಂದರ ಬೆನ್ನಿಗೆ ಪೆನ್ಸಿಲಲ್ಲಿ ನಮ್ಮ ಯೂನಿಟ್ಟಿನ ಕಾಫಿ ಲೆಕ್ಕ ಬರೆದಿದ್ರು, ಯಾರು ಎಷ್ಟು ಕುಡಿದ್ರು ಅಂತ ಸಮೇತ (ಕ್ಯಾಮೆರಾ ಡಿಪಾರ್ಟ್‌ಮೆಂಟೇ ಜಾಸ್ತಿ, ನನಗೆ ಮೊದಲೇ ಅನುಮಾನ ಇತ್ತು). ಹಾಳೆ ಕಿತ್ರೆ ಎಸೆಯಲ್ವಾ ಸರ್ ನೀವು ಅಂತ ಕೇಳ್ದೆ. ಎಸೆಯೋದ್ಯಾಕೆ, ಬೆನ್ನು ಖಾಲಿ ಇರುತ್ತಲ್ಲ ಅಂತ ಒಳಗೆ ಹೋಗಿ ತುಕ್ಕು ಹಿಡಿದ ಬಿಸ್ಕತ್ ಡಬ್ಬ ತಂದ್ರು. ಅದರ ತುಂಬ ಹಳೇ ತಾರೀಖುಗಳು. ಬೆನ್ನಲ್ಲಿ ಅವರ ಮನೆಯೋರ ಕೈಬರಹ: ಉದ್ದಿನಬೇಳೆ ಅರ್ಧ ಕೆಜಿ, ಜೀರಿಗೆ 50 ಗ್ರಾಂ, ಮಲ್ಲಿಗೆ ಎರಡು ಮೊಳ, ಇಸ್ತ್ರಿಯೋನಿಗೆ ಬಾಕಿ. ಒಂದರಲ್ಲಿ ಬರೀ "ಬೇಗ ಬನ್ನಿ, ಮಳೆ ಬರೋ ಹಾಗಿದೆ" ಅಂತ ಇತ್ತು. ಅವರು ಹೋಗಿ ಎಷ್ಟು ವರ್ಷ ಆಯ್ತು ಅಂತ ನಾನು ಕೇಳ್ಲಿಲ್ಲ, ರಾಯರು ಹೇಳ್ಲೂ ಇಲ್ಲ.

ಹಿಂದೆ ಬಂದು ನಿಂತಿದ್ದ ನಮ್ಮ ಸರ್ ಕಣ್ಣು ಅಗಲ ಆಯ್ತು. ಎಷ್ಟು ಡಿಕಾಕ್ಷನ್ ಹಚ್ಚಿದ್ರೂ ಆ ಬಣ್ಣ ಬರಲ್ಲ ಅಂತ ಇಬ್ಬರಿಗೂ ಗೊತ್ತು. "ಸರ್, ಇದರಲ್ಲಿ ಒಂದೆರಡು ಅಡುಗೆಮನೆ ಗೋಡೆಗೆ..." ಅಂತ ಶುರು ಮಾಡಿದ್ರು. ರಾಯರು ಡಬ್ಬದ ಮುಚ್ಚಳ ಹಾಕಿ ಒತ್ತಿದ್ರು. "ಬೇರೆ ಏನ್ ಬೇಕಾದ್ರೂ ತಗೊಳ್ರಪ್ಪಾ."

ಇನ್ನು ಈ ಕ್ಯಾಲೆಂಡರ್ ಸಿನಿಮಾದಲ್ಲಿ ಹೇಗೆ ಬಂದಿದೆ ಅಂತೀರಾ. ಬಂದಿದೆ. ಅಜ್ಜನ ಕಿವಿ ಹಿಂದೆ, ಫೋಕಸ್ ಔಟಲ್ಲಿ, ಬೆಳ್ಳಗೆ ಚೌಕವಾಗಿ ಏನೋ ಇದೆ. ಸ್ವಿಚ್ ಬೋರ್ಡ್ ಅಂದ್ರೂ ನಡೆಯುತ್ತೆ. ಕ್ಯಾಮೆರಾಮನ್ ಯಾವುದೋ ಹೊಸ ಲೆನ್ಸ್ ತಂದಿದ್ರಂತೆ, ಅದಕ್ಕೆ ಹಿಂದಿನದೆಲ್ಲ ಕರಗಿ ಹೋಗ್ಬೇಕಂತೆ. ಎಡಿಟ್ ಟೇಬಲ್ ಮೇಲೆ ಅದನ್ನ ನೋಡಿದಾಗಿಂದ ಅವರು ಎದುರು ಸಿಕ್ರೆ ಆಕಾಶ ನೋಡ್ಕೊಂಡು ಹೋಗ್ತೀನಿ. ಫೋಕಸ್ಸಿಗೆ ಬಂದಿದ್ದು ಬೈ ಮಿಸ್ಟೇಕ್ ಆ ಲಕೋಟೆ ಒಂದೇ, ಅದಕ್ಕೆ ನನ್ನ ಷಡ್ಡಕ ಇದಾನಲ್ಲ.

ಪ್ಯಾಕಪ್ ದಿನ ಸಾಮಾನೆಲ್ಲ ಲಾರಿಗೆ ಹೋಗ್ತಿತ್ತು. ಬಾಡಿಗೆ ರೇಡಿಯೋ, ಬಾಡಿಗೆ ಹಿತ್ತಾಳೆ ಚೊಂಬು, ಎಲ್ಲಾ ಎಣಿಸಿ ಕೊಡ್ಬೇಕು, ಒಂದು ಚೊಂಬು ಕಮ್ಮಿ ಆದ್ರೂ ಪ್ರಾಪರ್ಟಿ ಅಂಗಡಿಯೋನು ಚಿನ್ನದ ರೇಟ್ ಹಾಕ್ತಾನೆ. ರಾಯರು ಗೋಡೆ ಹತ್ರ ನಿಂತು "ಇದನ್ನ ಏನ್ ಮಾಡ್ತೀರಾ?" ಅಂದ್ರು. 25ಗಳೆಲ್ಲ ಮುಗಿದಿತ್ತು, ಕೆಳಗಡೆ 2022ರ ಉಳಿದ ಅರ್ಧ ಇತ್ತು. ಎಸೀತೀವಿ ಸರ್ ಅಂದೆ.

"ಎಸೀಬೇಡ, ಇಲ್ಲೇ ಇರ್ಲಿ. ಮತ್ತೆ ಇದೇ ವಾರ ಕೂಡಿ ಬರೋದು 2033ಕ್ಕೆ" ಅಂದ್ರು, ಬೆರಳು ಕೂಡ ಮಡಚದೆ. ಎಂಬತ್ತು ದಾಟಿರೋ ಮನುಷ್ಯ. ನಾನು ಏನೋ ಹೇಳ್ಬೇಕಲ್ಲ ಅಂತ, ಸರ್ ಇದರಲ್ಲಿ ಮೊದಲ ಆರು ತಿಂಗಳು ಇಲ್ವಲ್ಲ ಅಂದೆ.

"ಅಷ್ಟು ದಿನ ಯಾವ್ದಾದ್ರೂ ಬ್ಯಾಂಕಿನದ್ದು ನೋಡ್ಕೋತೀನಿ ಬಿಡು. ಜೂನ್ 26ರಿಂದ ಇದಾಗುತ್ತೆ."