ಹೂರ್ಣದ ನಡುವೆ ನಿಂತ ಮಿಕ್ಸಿ

ಈ ಸಲ ಯುಗಾದಿಗೆ ನಮ್ಮ ಮನೆಯಲ್ಲಿ ಹೋಳಿಗೆ ಅರ್ಧಕ್ಕೇ ನಿಂತಿತು. ಬೇಳೆ ಬೆಂದಿತ್ತು. ಬೆಲ್ಲ ಸೇರಿತ್ತು. ಕಣಕ ಎಣ್ಣೆ ಕುಡಿದು ಹದವಾಗಿ ಕೂತಿತ್ತು. ಎರಡನೇ ಸಲ ಹೂರ್ಣ ಹಾಕಿ ತಿರುಗಿಸಿದಾಗ ಮಿಕ್ಸಿಯ ಕಿಂಡಿಯೊಳಗೆ ನೀಲಿ ಕಿಡಿ ಹಾರಿತು. ಒಂದು ಕಮಟು ವಾಸನೆ ಬಂತು. ಆಮೇಲೆ ಸದ್ದೇ ಇಲ್ಲ. ಬೋರಲು ಹಾಕಿ ತಳದ ಕೆಂಪು ಬಟನ್ ಒತ್ತಿದೆ. ಇಲ್ಲ. ಜಾರ್ ತೆಗೆದು ಮತ್ತೆ ಕೂರಿಸಿದೆ. ಇಲ್ಲ. ಪಕ್ಕಕ್ಕೆ ಒಂದೇಟು ತಟ್ಟಿಯೂ ನೋಡಿದೆ, ಊರಿನಲ್ಲಿ ಹಳೇ ಟೀವಿಗೆ ನಡೆಯುತ್ತಿದ್ದ ಚಿಕಿತ್ಸೆ ಅದು. ಉಳಿದ ಹೂರ್ಣವನ್ನು ಹೆಂಡತಿ ಲಟ್ಟಣಿಗೆಯ ತುದಿಯಲ್ಲಿ ಜಜ್ಜಿದಳು. ಹೋಳಿಗೆ ಕಾವಲಿಯ ಮೇಲೆ ಹರಿಯಿತು. ಹರಿದಿದ್ದಕ್ಕೇ ತುಪ್ಪ ಹಾಕಿಕೊಂಡು ತಿಂದೆವು.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ ಊರು ಇದು. ಅವರು ಮೊದಲು ಬಲ್ಬು ಮಾಡುತ್ತಿದ್ದ ಸಣ್ಣ ಕಾರ್ಖಾನೆ ಈಗ ಮ್ಯೂಸಿಯಂ. ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ನನಗದು ಬಾಯಿಪಾಠವಾಗಿದೆ. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಎಎಸ್‌ಎಂಎಲ್ ಇದೆ. ಇವತ್ತು ಫೋನುಗಳ ಚಿಪ್‌ಗಳಲ್ಲಿ ಅತಿ ಸೂಕ್ಷ್ಮ ಗೆರೆಗಳನ್ನು ಅಚ್ಚು ಹಾಕುವ ಇಯುವಿ (ಅತಿ ನೇರಳಾತೀತ ಬೆಳಕಿನ) ಯಂತ್ರವನ್ನು ಜಗತ್ತಿನಲ್ಲಿ ಮಾರುವುದು ಅವರೊಬ್ಬರೇ. ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ 50,000 ಸಲ ಲೇಸರ್ ಹೊಡೆದು ಅದರಿಂದ ಬೆಳಕು ಹುಟ್ಟಿಸುತ್ತಾರೆ. ಇಲ್ಲಿಗೆ ಇಷ್ಟೊಂದು ಕನ್ನಡಿಗರು ಬಂದು ಸೇರಿರುವುದೇ ಇಂಥ ಕಂಪನಿಗಳಿಂದ. ಇಂಥ ಊರಲ್ಲಿ ಒಂದು ಮಿಕ್ಸಿ ರಿಪೇರಿ ಮಾಡೋರು ಸಿಗಲ್ವಾ ಅಂತ ಮಾರನೇ ದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೆ.

ಅಂಗಡಿಯ ಹುಡುಗ ತುಂಬಾ ಮರ್ಯಾದೆಯಿಂದಲೇ ಮಾತಾಡಿದ. ಬಿಚ್ಚಿ ನೋಡುವುದಕ್ಕೇ 45 ಯೂರೋ ಅಂದ. ರಿಪೇರಿ ಆಗದಿದ್ದರೂ ಆ ದುಡ್ಡು ವಾಪಸ್ ಇಲ್ಲ. ಹಾಗಂತ ಹೇಳಿ ಹಿಂದಿನ ಶೆಲ್ಫ್ ತೋರಿಸಿದ. ಅಲ್ಲಿ ಹೊಸ ಬ್ಲೆಂಡರ್ 39 ಯೂರೋಗೆ ಇತ್ತು. ನಾನು ಸುಮ್ಮನೆ ನಿಂತಿದ್ದು ನೋಡಿ, ಬಾಗಿಲ ಪಕ್ಕದ ಡಬ್ಬಿ ತೋರಿಸಿ, ಹಳೇದನ್ನು ಅದಕ್ಕೆ ಹಾಕಿ ಹೋಗಬಹುದು, ದುಡ್ಡೇನೂ ಕೊಡಬೇಕಾಗಿಲ್ಲ ಅಂದ. ಡಬ್ಬಿ ಬಹಳ ಚೆಂದವಾಗಿತ್ತು. ಒಳಗೆ ಕೆಟಲ್ಲು, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಎಲ್ಲ ಸ್ನಾನ ಮಾಡಿಕೊಂಡು ಬಂದ ಹಾಗೆ ಫಳಫಳ ಹೊಳೆಯುತ್ತಿದ್ದವು. ಅರ್ಧಕ್ಕರ್ಧ ಇನ್ನೂ ಬದುಕಿದ್ದವೇ ಇರಬೇಕು.

ಎಂಟು ವರ್ಷದ ಹಿಂದೆ ಸೂಟ್‌ಕೇಸಿನಲ್ಲಿ ಪಂಚೆ ಸುತ್ತಿ, ಜಾರುಗಳೊಳಗೆ ಚಟ್ನಿಪುಡಿ ತುಂಬಿ ತಂದ ಮಿಕ್ಸಿ ಅದು. ಆ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಮತ್ತೆ ಟವೆಲ್ ಸುತ್ತಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಫೋನ್ ತೆಗೆದರೆ ಕಣ್ಣಿಗೆ ಬಿದ್ದಿದ್ದೇ ರಿಪೇರಿಯ ಹಕ್ಕಿನ ಸುದ್ದಿ! ಯುರೋಪಿಯನ್ ಒಕ್ಕೂಟ 2024ರಲ್ಲಿ ಮಾಡಿದ ಕಾಯ್ದೆ ಅದು. ಜಾರಿಗೆ ತರಲು ದೇಶಗಳಿಗೆ ಕೊಟ್ಟ ಗಡುವು 2026ರ ಜುಲೈ 31. ಗ್ಯಾರಂಟಿ ಮುಗಿದ ಮೇಲೂ ತಯಾರಕರು ನ್ಯಾಯವಾದ ಬೆಲೆಗೆ ರಿಪೇರಿ ಮಾಡಿಕೊಡಬೇಕು ಅನ್ನುತ್ತದೆ. ಖುಷಿಯಾಗಿ ಪಟ್ಟಿ ಓದಿದೆ. ವಾಷಿಂಗ್ ಮಷಿನ್ ಇದೆ, ಫ್ರಿಜ್ ಇದೆ, ವ್ಯಾಕ್ಯೂಮ್ ಕ್ಲೀನರ್ ಇದೆ, ಫೋನ್ ಇದೆ. ವೆಲ್ಡಿಂಗ್ ಮಷಿನ್ ಕೂಡ ಇದೆ. ಮಿಕ್ಸಿ ಇಲ್ಲ. ಬ್ರಸೆಲ್ಸಿನಲ್ಲಿ ಕೂತು ಪಟ್ಟಿ ಮಾಡಿದವರ ಮನೆಯಲ್ಲಿ ಯಾರೂ ಹೂರ್ಣ ರುಬ್ಬುವುದಿಲ್ಲವಲ್ಲ.

ಸಂಜೆ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಮ್ಮ ನನ್ನ ಕಥೆಯನ್ನು ಪೂರ್ತಿ ಕೇಳಲೂ ಇಲ್ಲ.

"ಅದಕ್ಕೆ ಇಷ್ಟು ಗೋಳಾ? ಕಾರ್ಬನ್ ಹೋಗಿರುತ್ತೆ ಕಣೋ. ನಮ್ದೂ ಹೋದ ವರ್ಷ ಹಂಗೇ ಕಿಡಿ ಹಾರ್ತಿತ್ತು. ಗಾಂಧಿ ಬಜಾರಲ್ಲಿ ಕೊಟ್ಟು ತರಕಾರಿ ತಗೊಂಡು ಬರೋಷ್ಟರಲ್ಲಿ ಮಾಡಿಟ್ಟಿದ್ರು."

"ಎಷ್ಟು ತಗೊಂಡ್ರಮ್ಮ?"

"ನೂರೈವತ್ತು. ಜಾಸ್ತಿ ಆಯ್ತು ಅಂತ ಜಗಳ ಆಡಿ ಬಂದೆ."

ಆ ಅಂಗಡಿ ನನಗೆ ಗೊತ್ತು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ನೆಲದಿಂದ ಮಾಳಿಗೆಯವರೆಗೆ ಮಿಕ್ಸಿಗಳು, ಒಂದೊಂದರ ಹೊಟ್ಟೆಯ ಮೇಲೂ ಸೀಮೆಸುಣ್ಣದಲ್ಲಿ ಬರೆದ ಹೆಸರು. ಬಿಲ್ಲಿಲ್ಲ, ರಸೀದಿಯಿಲ್ಲ. ಅಂಗಡಿಯವರು ನಿಮ್ಮ ಮಿಕ್ಸಿಯನ್ನು ಒಮ್ಮೆ ಗುರ್ರೆನ್ನಿಸಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. "ಬುಷ್ ಹೋಗಿದೆ" ಅಂತಲೋ, "ಕಪ್ಲರ್ ಹಲ್ಲು ಸವೆದಿದೆ" ಅಂತಲೋ ಅಂದರೆ ನಿಮಗೆ ಅದೃಷ್ಟ. "ವೈಂಡಿಂಗ್ ಸುಟ್ಟಿದೆ" ಅಂದರೆ ಜೇಬಿಗೆ ಕತ್ತರಿ. ಬಿಚ್ಚಿ ನೋಡುವುದಕ್ಕೆ ದುಡ್ಡು ಅನ್ನುವ ಮಾತೇ ಅಲ್ಲಿ ಹುಟ್ಟಿಲ್ಲ. ನೋಡೋದಕ್ಕೂ ದುಡ್ಡು ಕೇಳಿದರೆ ಅಮ್ಮ ಬೀದಿಯವರನ್ನೆಲ್ಲ ಸೇರಿಸಿಬಿಟ್ಟಾಳು.

ಕಾರ್ಬನ್ ಅಂದರೆ ಏನು ಅಂತ ನನಗೂ ಅವತ್ತೇ ಸರಿಯಾಗಿ ತಿಳಿದಿದ್ದು, ಎಂಜಿನಿಯರಿಂಗ್ ಓದಿಯೂ. ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಬೇಕಲ್ಲ, ಅದಕ್ಕೆ ಎರಡು ಪುಟ್ಟ ಇದ್ದಿಲ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ಅದನ್ನು ಸದಾ ಉಜ್ಜುತ್ತಿರುತ್ತವೆ. ಉಜ್ಜಿ ಉಜ್ಜಿ ಅವೇ ಸವೆಯಬೇಕು, ಮೋಟಾರು ಉಳಿಯಬೇಕು. ಅದಕ್ಕೇ ಅವನ್ನು ಮೆತ್ತಗೆ ಮಾಡಿರುವುದು. ಅಂದರೆ ಹೋಗುವುದಕ್ಕೆಂದೇ ಇರುವ ಸಾಮಾನು ಹೋಗಿದೆ, ಅಷ್ಟೇ. ಅಷ್ಟಕ್ಕೆ ಎರಡೂವರೆ ಕಿಲೋ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ಕನ್ನು ಆ ಚೆಂದದ ಡಬ್ಬಿಗೆ ಹಾಕಬೇಕಿತ್ತಂತೆ.

ಇಲ್ಲಿಯವರಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಆಫೀಸಿನಲ್ಲಿ ನನ್ನ ಗೋಳು ಕೇಳಿದ ಡಚ್ ಸಹೋದ್ಯೋಗಿಯೊಬ್ಬಳು ರಿಪೇರ್ ಕೆಫೆಗೆ ಹೋಗು ಅಂದಳು. 2009ರಲ್ಲಿ ಮಾರ್ಟೀನ್ ಪೋಸ್ಟ್ಮಾ ಅನ್ನುವ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರು ಮಾಡಿದ್ದು. ಕೆಟ್ಟ ಸಾಮಾನು ತಂದವರಿಗೆ ಕೆಲಸ ಗೊತ್ತಿದ್ದವರು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ. ಈಗ ಜಗತ್ತಿನಲ್ಲಿ ಇಂಥವು 2000ಕ್ಕೂ ಹೆಚ್ಚಿವೆ. ಬೆಂಗಳೂರಿನಲ್ಲೂ 2015ರಲ್ಲಿ ಶುರುವಾಯಿತು. ಅದನ್ನು ಓದಿ ನನಗೆ ನಗು ಬಂತು. ಸ್ಟೌವ್ ಬರ್ನರ್, ಕುಕ್ಕರ್ ಹಿಡಿ, ಕೊಡೆ ಕಡ್ಡಿ, ಬ್ಯಾಗಿನ ಜಿಪ್ಪು ಎಲ್ಲವೂ ಬೀದಿಯಲ್ಲೇ ರಿಪೇರಿ ಆಗುವ ನಾಡಿಗೆ ಅದನ್ನು ಆಮ್‌ಸ್ಟರ್‌ಡ್ಯಾಮಿನಿಂದ ತರಿಸಿಕೊಂಡೆವಲ್ಲ ಅಂತ.

ಶನಿವಾರ ಹೋದೆ. ಬಡಾವಣೆಯ ಒಂದು ಸಭಾಂಗಣ. ಬಾಗಿಲಲ್ಲೇ ಫಾರ್ಮು: ಸಾಮಾನು ಯಾವುದು, ಎಷ್ಟು ವರ್ಷದ್ದು, ಏನು ತೊಂದರೆ. ನಂಬರ್ ಕೊಟ್ಟರು. ಕಾಫಿ, ಮನೆಯಲ್ಲೇ ಮಾಡಿದ ಕೇಕು. ಮೇಜಿನ ಹಿಂದೆ ಕೂತವರೆಲ್ಲ ರಿಟೈರ್ ಆದ ತಾತಂದಿರು, ಕೊರಳಲ್ಲಿ ಭೂತಗನ್ನಡಿ. ನನಗೆ ಸಿಕ್ಕ ತಾತ ಮೂವತ್ತು ವರ್ಷ ಫಿಲಿಪ್ಸಿನ ಟೀವಿ ವಿಭಾಗದಲ್ಲಿ ಕೆಲಸ ಮಾಡಿದವರಂತೆ. ಮಿಕ್ಸಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, ಇದರಲ್ಲಿ ಏನು ಅರೆಯುತ್ತೀರಿ, ಸಿಮೆಂಟಾ ಅಂತ ಕೇಳಿದರು. ಬೇಳೆ ಅಂದೆ. ನಂಬಲಿಲ್ಲ.

ಆದರೆ ಬಿಚ್ಚಿದರು ನೋಡಿ, ಅದನ್ನು ಮಾತ್ರ ಮರೆಯಲಾರೆ. ಒಂದೊಂದು ಸ್ಕ್ರೂವನ್ನೂ ತೆಗೆದ ಕ್ರಮದಲ್ಲೇ ಅಯಸ್ಕಾಂತದ ತಟ್ಟೆಯ ಮೇಲೆ ಇಟ್ಟರು. ಎಂಟು ವರ್ಷದ ಮೆಣಸಿನಪುಡಿ, ಜೀರಿಗೆಯನ್ನೆಲ್ಲ ಬ್ರಷ್ಷಿನಲ್ಲಿ ಗುಡಿಸಿದರು. ಸೀನಿದರು. ಕೊನೆಗೆ ಅಂಗೈಯಲ್ಲಿ ಎರಡು ಕಪ್ಪು ಚೂರು ಇಟ್ಟು ತೋರಿಸಿದರು, ಮೊಂಡಾದ ಪೆನ್ಸಿಲ್ ತುದಿಯಂಥವು. ಅಮ್ಮ ಸುಮಾರು ಏಳೂವರೆ ಸಾವಿರ ಕಿಲೋಮೀಟರ್ ದೂರದಿಂದ, ಸದ್ದೂ ಕೇಳದೆ ಹೇಳಿದ್ದು ಅದನ್ನೇ. ಆ ಅಳತೆಯ ಕಾರ್ಬನ್ ಅವರ ಪೆಟ್ಟಿಗೆಯಲ್ಲಿ ಇರಲಿಲ್ಲ. ಡ್ರಿಲ್ಲಿಂಗ್ ಮಷಿನ್ನಿಂದು ಸಿಕ್ಕರೂ ದಪ್ಪ ಸಾಲದು. ಫಾರ್ಮಿನ ಮೇಲೆ 'ಬಿಡಿಭಾಗ ಬೇಕು' ಅಂತ ಡಚ್ಚಿನಲ್ಲಿ ಬರೆದು, ಮುಂದಿನ ತಿಂಗಳು ಬನ್ನಿ ಅಂದರು.

ಮುಂದಿನ ತಿಂಗಳು! ನಮ್ಮ ಗಾಂಧಿ ಬಜಾರಿನವರು ಹೆಚ್ಚೆಂದರೆ ಸಂಜೆ ಬನ್ನಿ ಅನ್ನುತ್ತಾರೆ. ಸಂಜೆ ಹೋದರೆ ನಾಳೆ ಬನ್ನಿ ಅನ್ನುತ್ತಾರೆ, ಅದು ಬೇರೆ ಮಾತು.

ಇದನ್ನೆಲ್ಲ ಗೆಳೆಯರ ಗುಂಪಿನಲ್ಲಿ ಹೇಳಿಕೊಂಡು, ರಿಪೇರಿಗೆ ಕಾಯ್ದೆ ಬೇಕಾಗುವುದು ರಿಪೇರಿ ಮರೆತವರಿಗೆ, ನಮಗಲ್ಲ ಅಂತ ಭಾಷಣ ಬಿಗಿದೆ. ಈಗಲೂ ನನ್ನ ಮನಸ್ಸು ಅತ್ತಲೇ ವಾಲುತ್ತದೆ. ಆದರೂ ಒಂದೆರಡು ವಿಷಯ ಹೇಳದಿದ್ದರೆ ಮೋಸವಾಗುತ್ತದೆ.

ಹೊಸ ಸಾಮಾನು ಕೆಟ್ಟಾಗ ಇಲ್ಲಿನ ಸುಖವೇ ಬೇರೆ. ನಮ್ಮ ಕೆಟಲ್ಲು ಎರಡೂವರೆ ವರ್ಷಕ್ಕೆ ಕೈಕೊಟ್ಟಿತ್ತು. ಕೊಂಡ ಅಂಗಡಿಗೇ ಒಯ್ದೆ, ಬದಲಿ ಕೊಟ್ಟರು. ಯುರೋಪಿಯನ್ ಒಕ್ಕೂಟದಲ್ಲಿ ಎಲ್ಲ ಕಡೆ ಕನಿಷ್ಠ 2 ವರ್ಷದ ಗ್ಯಾರಂಟಿ ಇದೆ. ಡಚ್ ಕಾನೂನು ಅದಕ್ಕಿಂತ ಮುಂದೆ ಹೋಗಿ, ಆ ಸಾಮಾನು ಸಾಮಾನ್ಯವಾಗಿ ಎಷ್ಟು ದಿನ ಬಾಳಬೇಕೋ ಅಷ್ಟು ದಿನ ಮಾರಿದವನೇ ಹೊಣೆ ಅನ್ನುತ್ತದೆ. ಊರಿನಲ್ಲಿ ಅಮ್ಮನ ಫ್ರಿಜ್ ಹತ್ತೇ ತಿಂಗಳಿಗೆ ತಣ್ಣಗಾಗುವುದನ್ನು ನಿಲ್ಲಿಸಿದಾಗ ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಅಂದರು, ಕಂಪನಿಯವರು ಒಂದು ಒತ್ತಿ ಎರಡು ಒತ್ತಿ ಅಂದರು. ಹಾಲು ಒಡೆದು ಹೋಯಿತು, ಬೇಸಿಗೆ ಮುಗಿಯಿತು, ಆಮೇಲೆ ಮೆಕ್ಯಾನಿಕ್ ಬಂದ.

ಇನ್ನೊಂದು ನನಗೆ ಹೇಳಲು ಅಷ್ಟು ಇಷ್ಟವಿಲ್ಲ. ಇಲ್ಲಿ ಕನಿಷ್ಠ ಕೂಲಿಯನ್ನು 2024ರಿಂದ ಗಂಟೆ ಲೆಕ್ಕದಲ್ಲೇ ನಿಗದಿ ಮಾಡುತ್ತಾರೆ. 2025ರ ಜನವರಿಯಲ್ಲಿ ಅದು ಗಂಟೆಗೆ 14.06 ಯೂರೋ ಇತ್ತು, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗಿಂತ ಜಾಸ್ತಿ. ಬಿಚ್ಚುವುದಕ್ಕೇ 45 ಅಂದ ಹುಡುಗ ದರೋಡೆ ಮಾಡುತ್ತಿರಲಿಲ್ಲ. ಕೈಕೆಲಸಕ್ಕೆ ಬೆಲೆ ಕಟ್ಟಿದರೆ ಲೆಕ್ಕ ಅಷ್ಟೇ ಆಗುತ್ತದೆ. ಅಮ್ಮ ಜಗಳ ಆಡಿ ಕೊಟ್ಟ ನೂರೈವತ್ತರಲ್ಲಿ ಕಾರ್ಬನ್, ಅಂಗಡಿ ಬಾಡಿಗೆ, ಕರೆಂಟು ಕಳೆದು ಆ ಮನುಷ್ಯನಿಗೆ ಎಷ್ಟು ಉಳಿಯಿತು ಅಂತ ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಅವರ ಮಗ ಈ ಕೆಲಸಕ್ಕೆ ಬಂದಿಲ್ಲ, ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಾನಂತೆ. ಅದನ್ನು ಹೇಳಿದವಳೂ ಅಮ್ಮನೇ. ಗುಜರಿಗೆ ಹಾಕಿದ ಮಿಕ್ಸಿಯ ವೈರನ್ನು ಎಲ್ಲೋ ಮೂಲೆಯಲ್ಲಿ ಸುಟ್ಟು ತಾಮ್ರ ತೆಗೆಯುವ ಹೊಗೆಯನ್ನೂ ನಾನು ಮೂಗು ಮುಚ್ಚಿಕೊಂಡು ದಾಟಿದ್ದೇನೆ. ಚೆಂದದ ಡಬ್ಬಿಯನ್ನು ಆಡಿಕೊಂಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಕಾರ್ಬನ್ ಬಂತು. ಇನ್ನೊಬ್ಬ ಕನ್ನಡಿಗ ಸಹೋದ್ಯೋಗಿಯ ಅಪ್ಪ ಅಮ್ಮ ಬೇಸಿಗೆ ಕಳೆಯಲು ಊರಿಂದ ಬರುವವರಿದ್ದರು. ಹಲಸಿನ ಹಪ್ಪಳದ ಕಟ್ಟಿನೊಳಗೆ, ನ್ಯೂಸ್‌ಪೇಪರಿನಲ್ಲಿ ಮಡಿಸಿಟ್ಟು ಅಮ್ಮ ಕಳಿಸಿದ್ದಳು. ಒಂದು ಜೊತೆ ಬೇಕಿತ್ತು, ನಾಲ್ಕು ಜೊತೆ ಬಂತು. ಮೇಲೆ ಪೆನ್ನಿನಲ್ಲಿ '40 ರೂ.' ಅಂತ ಬರೆದಿತ್ತು.

ಅದನ್ನು ತೆಗೆದುಕೊಂಡು ಶನಿವಾರ ಮತ್ತೆ ಆ ಸಭಾಂಗಣಕ್ಕೆ ಹೋದೆ. ತಾತ ಗುರುತು ಹಿಡಿದರು, ಸಿಮೆಂಟು ಬಂತು ಅಂತ ಪಕ್ಕದವರಿಗೆ ಹೇಳಿದರು. ಕಾರ್ಬನ್ನಿನ ಅಂಚು ಸ್ವಲ್ಪ ಬಿಗಿ ಇತ್ತು. ಮರಳುಕಾಗದದಲ್ಲಿ ನಾಲ್ಕು ಸಲ ಉಜ್ಜಿ, ಊದಿ, ಕೂರಿಸಿದರು. ನನ್ನ ಅಡಾಪ್ಟರ್ ಹಾಕಿ, ಪ್ಲಗ್ ಚುಚ್ಚಿ, ನಾಬನ್ನು ನೇರ ಮೂರಕ್ಕೆ ತಿರುಗಿಸಿಬಿಟ್ಟರು.

ಇಡೀ ಸಭಾಂಗಣ ನಮ್ಮ ಕಡೆ ತಿರುಗಿತು. ಹೊಲಿಗೆ ಮಷಿನ್ ಮುಂದೆ ಕೂತಿದ್ದ ಅಜ್ಜಿ ಎದೆ ಹಿಡಿದುಕೊಂಡರು. ಕೇಕಿನ ಮೇಜಿನ ಹತ್ತಿರ ಒಂದು ಮಗು ಅಳಲು ಶುರು ಮಾಡಿತು. ತಾತ ಗಾಬರಿಯಿಂದ ಸ್ವಿಚ್ ಆರಿಸಿ, ಬೇರಿಂಗ್ ಕೂಡ ಹೋಗಿರಬೇಕು, ಮತ್ತೆ ಬಿಚ್ಚೋಣ ಅಂದರು.

"ಇಲ್ಲ ಇಲ್ಲ," ಅಂದೆ ನಾನು. "ಅದು ಇರೋದೇ ಹಾಗೆ."